ಎರಡು ಕೋಣೆ, ಒಂದಿಷ್ಟು ಒಣಹುಲ್ಲು

1909ರ ಆಗಸ್ಟ್ 26. ಜರ್ಮನಿಯ ಬ್ರೋಲ್ ಕಣಿವೆಯಲ್ಲಿ ಮುಗಿಲೇ ಹರಿದು ಬಿದ್ದಂಥ ಮಳೆ. ಗುಡುಗು, ಸಿಡಿಲು, ಮುಂದಿನ ದಾರಿ ಕಾಣದಂಥ ಕತ್ತಲು. ಆ ಮಳೆಯಲ್ಲಿ ಒಬ್ಬ ಮೇಷ್ಟ್ರು, ಅವರ ಹಿಂದೆ ತೊಯ್ದು ತೊಪ್ಪೆಯಾದ ಹುಡುಗರ ಸಾಲು. ಎಂಟು ದಿನದ ಕಾಲ್ನಡಿಗೆಗೆಂದು ಊರು ಬಿಟ್ಟವರು, ಇರುಳು ಕಳೆಯಲು ಒಂದು ಸೂರು ಸಿಕ್ಕರೆ ಸಾಕಪ್ಪ ಎನ್ನುವ ಸ್ಥಿತಿಗೆ ಬಂದಿದ್ದರು. ಕೊನೆಗೆ ಸಿಕ್ಕಿದ್ದು ಒಂದು ಹಳ್ಳಿ ಶಾಲೆ. ತರಗತಿಯೊಂದರ ಬಾಗಿಲು ತೆರೆಸಿ, ಬೆಂಚುಗಳನ್ನು ಪಕ್ಕಕ್ಕೆ ಒತ್ತರಿಸಿದರು. ರೈತನೊಬ್ಬ ಮಲಗಲು ಒಣಹುಲ್ಲು ಕೊಟ್ಟ, ಕುಡಿಯಲು ಹಾಲು ಕೊಟ್ಟ. ಹುಡುಗರು ಹುಲ್ಲಿನ ಮೇಲೆ ಉರುಳಿದ್ದೇ ತಡ, ನಿದ್ದೆಗೆ ಜಾರಿದರು. ಮೇಷ್ಟ್ರಿಗೆ ಮಾತ್ರ ಕಣ್ಣು ಮುಚ್ಚಲಿಲ್ಲ.

ಹೊರಗೆ ಮಳೆ ಸುರಿಯುತ್ತಲೇ ಇತ್ತು, ಒಳಗೆ ಅವರ ತಲೆಯಲ್ಲಿ ಒಂದು ಲೆಕ್ಕ ಓಡುತ್ತಿತ್ತು. ಈ ಶಾಲೆ ರಜೆಯಲ್ಲಿ ಖಾಲಿ ಇದೆ. ಪಕ್ಕದ ಊರಿನ ಶಾಲೆಯೂ ಖಾಲಿ. ದೇಶದ ಎಲ್ಲ ಶಾಲೆಗಳೂ ಖಾಲಿ! ಮಕ್ಕಳಿಗೆ ನಡೆಯಲು ಪುರಸೊತ್ತು ಸಿಗುವುದೂ ಅದೇ ರಜೆಯಲ್ಲಿ. ಹಾಗಾದರೆ ಒಂದು ದಿನದ ನಡಿಗೆಗೆ ಒಂದರಂತೆ ಶಾಲೆಯ ಬಾಗಿಲು ತೆರೆದಿಟ್ಟರೆ?

ಜಗತ್ತಿನ ಯೂತ್ ಹಾಸ್ಟೆಲ್‌ಗಳೆಲ್ಲ ಆ ನಿದ್ದೆಗೆಟ್ಟ ರಾತ್ರಿಯಲ್ಲಿ ಹುಟ್ಟಿದವು. ಎಲ್ಲವೂ! ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮಡಚಿಟ್ಟು ಸುಮ್ಮನೆ ಕೂತುಬಿಟ್ಟೆ. ಏಕೆಂದರೆ ಅದರ ಒಂದು ಕೊಂಡಿಯನ್ನು ನಾನೇ ಹಿಡಿದು ನಡೆದಿದ್ದೆ, ಅದು ಯಾವ ಸರಪಳಿಯದೆಂದು ಗೊತ್ತಿರಲಿಲ್ಲ, ಅಷ್ಟೇ.

ಮೇಷ್ಟ್ರ ಹೆಸರು ರಿಚರ್ಡ್ ಶಿರ್‌ಮನ್. ಹುಟ್ಟಿದ್ದು 1874ರಲ್ಲಿ, ಪೂರ್ವ ಪ್ರಷ್ಯಾದ ಹಳ್ಳಿಯೊಂದರಲ್ಲಿ. ಕೆಲಸಕ್ಕೆಂದು ಬಂದದ್ದು ಪಶ್ಚಿಮದ ಕೈಗಾರಿಕಾ ಸೀಮೆಗೆ: ಮೊದಲು ಕಲ್ಲಿದ್ದಲ ಊರಾದ ಗೆಲ್ಸೆನ್‌ಕಿರ್ಶೆನ್, ಆಮೇಲೆ ಲೆನ್ನೆ ನದಿಯ ದಂಡೆಯ ಆಲ್ಟೆನಾ. ಆಲ್ಟೆನಾ ಎಂದರೆ ತಂತಿ ಎಳೆಯುವ ಕಸುಬಿಗೆ ಹೆಸರಾದ ಊರು. ಕಾರ್ಖಾನೆ ಊರಿನ ಮಕ್ಕಳನ್ನು ನಾಲ್ಕು ಗೋಡೆಯೊಳಗೆ ಕೂರಿಸಿ ಪಾಠ ಹೇಳಲು ಈ ಮೇಷ್ಟ್ರಿಗೆ ಮನಸ್ಸೇ ಬರಲಿಲ್ಲ. ಹೊಳೆಯ ಪಾಠ ಹೊಳೆಯ ದಂಡೆಯಲ್ಲಿ, ಮರದ ಪಾಠ ಮರದ ಬುಡದಲ್ಲಿ. ದಿನವಿಡೀ ನಡೆಸುವುದು ಕಷ್ಟವಿರಲಿಲ್ಲ. ರಾತ್ರಿ ಮಲಗಿಸುವುದೆಲ್ಲಿ? ಹೋಟೆಲಿಗೆ ದುಡ್ಡು ತೆರುವ ಮನೆಯ ಮಕ್ಕಳಲ್ಲ ಅವರು. ಇಡೀ ಕಗ್ಗಂಟು ಇದ್ದದ್ದು ಅಲ್ಲಿ. ನಡಿಗೆಗೆ ಕಾಲು ಸಾಕು, ದೂರದ ನಡಿಗೆಗೆ ಮಾತ್ರ ರಾತ್ರಿಯೊಂದು ಸೂರು ಬೇಕು.

1910ರಲ್ಲಿ ಅವರು ಪತ್ರಿಕೆಯೊಂದಕ್ಕೆ ಲೇಖನ ಬರೆದು ತಮ್ಮ ಯೋಜನೆಯನ್ನು ಊರಿಗೆಲ್ಲ ತಿಳಿಸಿದರು. ಅದರ ಸರಳತೆ ನೋಡಿ! ಎರಡು ತರಗತಿ ಕೋಣೆ ಸಾಕು, ಹುಡುಗರಿಗೊಂದು, ಹುಡುಗಿಯರಿಗೊಂದು. ಡೆಸ್ಕುಗಳನ್ನು ಒಂದರ ಮೇಲೊಂದು ಪೇರಿಸಿದರೆ ಹದಿನೈದು ಹಾಸಿಗೆಗೆ ಜಾಗವಾಗುತ್ತದೆ. ಹಾಸಿಗೆ ಎಂದರೆ ಗಟ್ಟಿಯಾಗಿ ಹುಲ್ಲು ತುಂಬಿದ ಚೀಲ, ಒಂದು ದಿಂಬು, ಎರಡು ದುಪ್ಪಟಿ, ಒಂದು ಕಂಬಳಿ. ಮಲಗಿದ ಜಾಗವನ್ನು ಮಗುವೇ ಚೊಕ್ಕಟವಾಗಿಡಬೇಕು. ಹೊಸ ಕಟ್ಟಡ ಬೇಡ, ದೊಡ್ಡ ಬಂಡವಾಳ ಬೇಡ. ಮೊದಲು ಮಾಡಿ ತೋರಿಸಿದ್ದೂ ಆಲ್ಟೆನಾದ ತಮ್ಮದೇ ಶಾಲೆಯಲ್ಲಿ.

ಮುಂದಿನದು ಕೇಳಿದರೆ ಅಜ್ಜಿಕಥೆ ಎನ್ನಬೇಕು. ಆಲ್ಟೆನಾದ ಗುಡ್ಡದ ಮೇಲೆ ಮಧ್ಯಯುಗದ ಕೋಟೆಯೊಂದಿದೆ. ಮಾರ್ಕ್ ಪ್ರಾಂತ್ಯದ ಕೌಂಟ್‌ಗಳು ಆಳಿದ ಕೋಟೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅದನ್ನು ಜೀರ್ಣೋದ್ಧಾರ ಮಾಡುತ್ತಿದ್ದರು. ಮೇಷ್ಟ್ರು ಅದರಲ್ಲಿ ಜಾಗ ಕೇಳಿದರು, ಸಿಕ್ಕಿತು! 1912ರಲ್ಲಿ ಆ ಕೋಟೆಯಲ್ಲಿ ಜಗತ್ತಿನ ಮೊದಲ ಕಾಯಂ ಯೂತ್ ಹಾಸ್ಟೆಲ್ ತೆರೆಯಿತು. ಕುದುರೆ ಏರಿದ ಸರದಾರರು ಇಳಿಯುತ್ತಿದ್ದ ಅಂಗಳಕ್ಕೆ ಬೆನ್ನಿಗೆ ಚೀಲ ಹೊತ್ತ, ಮೊಣಕಾಲವರೆಗೆ ಕೆಸರು ಮೆತ್ತಿಕೊಂಡ ಮಕ್ಕಳು ನಡೆದು ಬಂದರು.

ಆ ಮಲಗುವ ಕೋಣೆಯನ್ನು ಇಂದಿಗೂ ಹಾಗೆಯೇ ಕಾಪಾಡಿದ್ದಾರೆ. ದಪ್ಪ ಮರದಲ್ಲಿ ಮಾಡಿದ ಮೂರಂತಸ್ತಿನ ಮಂಚಗಳು. ರೈಲಿನ ಸ್ಲೀಪರ್ ಬೋಗಿಯ ಲೋಯರ್, ಮಿಡ್ಲ್, ಅಪ್ಪರ್ ಬರ್ತ್ ನೆನಪಿಸಿಕೊಳ್ಳಿ, ಆದರೆ ಕಬ್ಬಿಣದ ಬದಲು ಆನೆ ಮಲಗಿದರೂ ಜಗ್ಗದಂಥ ಮರ. ಮೇಲಿನ ಮಂಚಕ್ಕೆ ಯಾರು ಹತ್ತುವುದು ಎಂದು ಎಷ್ಟು ಮಕ್ಕಳು ಜಗಳವಾಡಿರಬೇಡ ಅಲ್ಲಿ! ಇದು ಅರಮನೆಯ ಹಂಸತೂಲಿಕಾತಲ್ಪವಲ್ಲ. ಆದರೂ ಲೋಕದ ಎಷ್ಟೋ ಅರಮನೆಗಳ ಶಯ್ಯಾಗೃಹಕ್ಕಿಂತ ಈ ಮರದ ಅಟ್ಟಣೆ ದೊಡ್ಡದೆಂದು ನಾನು ಎದೆ ತಟ್ಟಿ ಹೇಳುತ್ತೇನೆ.

ಅಷ್ಟರಲ್ಲಿ ಮಹಾಯುದ್ಧ ಬಂತು, ಮೇಷ್ಟ್ರೂ ಸೈನಿಕರಾದರು. 1915ರ ಕ್ರಿಸ್‌ಮಸ್, ವೋಜ್ ಪರ್ವತಗಳ ಕಂದಕ. ಅತ್ತ ಫ್ರೆಂಚರು, ಇತ್ತ ಜರ್ಮನರು. ಹಿಂದಿನ ಹಳ್ಳಿಗಳಲ್ಲಿ ಗಂಟೆ ಮೊಳಗಿತು, ಬಂದೂಕುಗಳು ಸುಮ್ಮನಾದವು. ಪಾಳುಬಿದ್ದ ಸುರಂಗಗಳ ಮೂಲಕ ಸೈನಿಕರು ಒಬ್ಬರಿದ್ದಲ್ಲಿಗೆ ಇನ್ನೊಬ್ಬರು ಹೋದರು. ಅವರ ವೈನು, ಸಿಗರೇಟು ಇತ್ತ ಬಂತು, ಇವರ ಕಪ್ಪು ಬ್ರೆಡ್ಡು, ಬಿಸ್ಕತ್ತು ಅತ್ತ ಹೋಯಿತು. ಇದನ್ನು ಕಣ್ಣಾರೆ ಕಂಡ ಶಿರ್‌ಮನ್ ಮೇಷ್ಟ್ರ ತಲೆಯಲ್ಲಿ ಬ್ರೋಲ್ ಕಣಿವೆಯ ಲೆಕ್ಕ ಮತ್ತಷ್ಟು ಹಿಗ್ಗಿತು. ಬೇರೆ ಬೇರೆ ದೇಶದ ಎಳೆಯರು ಕಂದಕದಲ್ಲಿ ಎದುರಾಗುವ ಮೊದಲೇ ಒಂದೇ ಸೂರಿನಡಿ ಸೇರುವಂತಾದರೆ?

ಅವರ ಜೊತೆಗೆ ವಿಲ್‌ಹೆಲ್ಮ್ ಮ್ಯೂಂಕರ್ ಎಂಬ ಗಟ್ಟಿಗ ಸಂಘಟಕ ದುಡಿದರು. 1930ರ ದಶಕದ ಹೊಸ್ತಿಲಿಗೆ ಜರ್ಮನಿಯೊಂದರಲ್ಲೇ ಎರಡು ಸಾವಿರಕ್ಕೂ ಹೆಚ್ಚು ಹಾಸ್ಟೆಲ್‌ಗಳಿದ್ದವು. ನೋಡಿಕೊಳ್ಳುವ ದಂಪತಿಗೆ ಅಲ್ಲಿ ‘ಹಾಸ್ಟೆಲ್ ಅಪ್ಪ, ಹಾಸ್ಟೆಲ್ ಅಮ್ಮ’ ಎಂದೇ ಹೆಸರು. ಬ್ರಿಟನ್ನಿನಲ್ಲಿ ಸಂಸ್ಥೆ ಹುಟ್ಟಿದ್ದು 1930ರಲ್ಲಿ. ಅಲ್ಲಿಯ ಹಾಸ್ಟೆಲ್‌ಗಳಲ್ಲಿ ಕಾರಿನಲ್ಲಿ ಬಂದವರಿಗೆ ದಶಕಗಳ ಕಾಲ ಜಾಗವೇ ಇರಲಿಲ್ಲ, ಮಂಚ ನಡೆದು ಬಂದವರಿಗೆ, ಸೈಕಲ್ ತುಳಿದು ಬಂದವರಿಗೆ! 1932ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ದೇಶದೇಶಗಳ ಸಂಸ್ಥೆಗಳು ಸೇರಿ ಅಂತರರಾಷ್ಟ್ರೀಯ ಒಕ್ಕೂಟ ಕಟ್ಟಿದವು, ಮೇಷ್ಟ್ರು ಅದರ ಅಧ್ಯಕ್ಷರಾದರು. ನಾಜಿಗಳು ಜರ್ಮನಿಯ ಹಾಸ್ಟೆಲ್‌ಗಳನ್ನು ಕೈವಶ ಮಾಡಿಕೊಂಡರು, 1936ರಲ್ಲಿ ಮೇಷ್ಟ್ರನ್ನು ಒಕ್ಕೂಟದ ಅಧ್ಯಕ್ಷ ಪದವಿಯಿಂದಲೂ ಇಳಿಸಿದರು. ಕಟ್ಟಿದ ಮನೆ ಕಣ್ಣೆದುರೇ ಪರರ ಪಾಲಾಯಿತು. ಎರಡನೇ ಮಹಾಯುದ್ಧ ಮುಗಿದ ಮೇಲೆ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಅದನ್ನು ಮತ್ತೆ ಎತ್ತಿ ನಿಲ್ಲಿಸಲು ಆ ಮನುಷ್ಯ ಹೆಗಲು ಕೊಟ್ಟರು. 1961ರಲ್ಲಿ ತೀರಿಕೊಂಡರು.

ಇನ್ನು ನನ್ನ ಕೊಂಡಿಯ ವಿಷಯ. ನಮ್ಮ ದೇಶದಲ್ಲಿ ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್ ಆಫ್ ಇಂಡಿಯಾ 1949ರಿಂದ ಇದೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಿಂದ ಮೊದಲ ಸಲ ಹಿಮಾಲಯ ಹತ್ತಿದ ಎಷ್ಟೋ ಕನ್ನಡಿಗರಿಗೆ ದಾರಿ ತೋರಿಸಿದ್ದು ಅದೇ. ಹಿಮಾಚಲದ ಕಸೋಲ್‌ನಿಂದ ಸಾರ್ ಪಾಸ್‌ಗೆ ನಾನು ನಡೆದದ್ದೂ ಅದರ ತಂಡದಲ್ಲಿ. ಪಾರ್ವತಿ ನದಿಯ ಭೋರ್ಗರೆತದ ಪಕ್ಕ ಡೇರೆಗಳ ಸಾಲು. ದಿನಕ್ಕೊಂದು ತಂಡ ಹೊರಡುತ್ತದೆ. ಇಂದು ನಾವು ಬಿಟ್ಟ ಡೇರೆಗೆ ಸಂಜೆ ಹಿಂದಿನ ತಂಡ ಬರುತ್ತದೆ, ಮುಂದಿನ ತಂಡ ಬಿಟ್ಟ ಡೇರೆಯಲ್ಲಿ ನಾವು ಮಲಗುತ್ತೇವೆ. ಒಂದು ದಿನದ ನಡಿಗೆಗೊಂದು ಸೂರು, ಅದೇ ಲೆಕ್ಕ! ರಾತ್ರಿ ಬೆಂಕಿಯೇ ಇಲ್ಲದ ಕ್ಯಾಂಪ್‌ಫೈರ್, ಗುಜರಾತಿ ಹಾಡು, ಮರಾಠಿ ಹಾಡು, ನಮ್ಮದೊಂದು ಜನಪದ ಗೀತೆ, ಕೊನೆಗೆ ಲೋಟದ ತುಂಬ ಬಿಸಿ ಬೋರ್ನ್‌ವೀಟಾ. ಹಬೆಯಾಡುವ ಆ ಲೋಟವನ್ನು ಎರಡೂ ಅಂಗೈಯಲ್ಲಿ ಅದುಮಿ ಹಿಡಿದು ನಿಂತಿದ್ದೆ. ಪಕ್ಕದಲ್ಲಿದ್ದ ಅಹಮದಾಬಾದಿನ ಅಜ್ಜ ತನ್ನ ಟೋಪಿ ತೆಗೆದು ನನ್ನ ತಲೆಗೆ ಹಾಕಿ, ಮರುದಿನ ಮರಳಿಸು ಎಂದರು. ಬ್ರೋಲ್ ಕಣಿವೆಯ ರೈತ ಕೊಟ್ಟ ಹಾಲಿಗೂ ನನ್ನ ಕೈಲಿದ್ದ ಲೋಟಕ್ಕೂ ನಡುವೆ ಒಂದೇ ನೇರ ದಾರಿ ಇತ್ತೆಂದು ಆ ಚಳಿಯಲ್ಲಿ ನನಗೆ ಹೊಳೆದಿರಲಿಲ್ಲ. ಈಗ ನೆನೆದರೆ ಮೈ ಜುಮ್ಮೆನ್ನುತ್ತದೆ.

ದಾರಿಹೋಕರಿಗೆಂದು ಛತ್ರ ಕಟ್ಟಿಸಿದ, ಅರವಟ್ಟಿಗೆ ಇಟ್ಟ ನಾಡು ನಮ್ಮದು. ಮಲೆನಾಡಿನಲ್ಲಿ ಇಂದಿಗೂ ಗುಡ್ಡ ಹತ್ತಿಳಿದು ಊರಿಂದೂರಿಗೆ ಹೋಗುವ ಕಾಲುದಾರಿಗಳಿವೆ. ಆ ಊರುಗಳಲ್ಲಿ ಸರ್ಕಾರಿ ಶಾಲೆಗಳಿವೆ, ಏಪ್ರಿಲ್ ಮಧ್ಯದಿಂದ ಮೇ ಕೊನೆಯವರೆಗೆ ಬೀಗ ಹಾಕಿಕೊಂಡು ಖಾಲಿ ಇರುತ್ತವೆ. ಅವುಗಳ ಮೇಷ್ಟ್ರುಗಳಲ್ಲಿ, ಶಾಲಾಭಿವೃದ್ಧಿ ಸಮಿತಿಯವರಲ್ಲಿ ನನ್ನದೊಂದು ಕೋರಿಕೆ. ಬರುವ ಬೇಸಿಗೆಗೆ ಪಕ್ಕದೂರಿನ ಶಾಲೆಯವರೊಂದಿಗೆ ಒಮ್ಮೆ ಕೂತು ಮಾತಾಡಿ, ನಿಮ್ಮ ಮಕ್ಕಳು ಅಲ್ಲಿಗೆ, ಅವರ ಮಕ್ಕಳು ಇಲ್ಲಿಗೆ, ನಡೆದು ಬಂದು ಒಂದು ರಾತ್ರಿ ತಂಗಲಿ. ಬೆಂಚು ಸರಿಸಿ ಚಾಪೆ ಹಾಸಿಕೊಡಿ. ಎರಡು ಕೋಣೆ ಸಾಕು.