ದಪ್ಪ ಅಟ್ಟೆಯ ಚಪ್ಪಲಿ

ನಮ್ಮ ಔಷಧಿ ಅಂಗಡಿಗಳಲ್ಲಿ ಸೆಪ್ಟ್ರಾನ್ ಎಂದು ಕೇಳಿ ಪಡೆಯುತ್ತಿದ್ದ ಮಾತ್ರೆಯೊಳಗೆ ಸಲ್ಫೋನಮೈಡ್ ಜಾತಿಯ ಔಷಧವೊಂದು ಇರುತ್ತದೆ. ಈ ಜಾತಿಯನ್ನು ಬ್ರಿಟನ್ನಿನ ವೈದ್ಯರು 1990ರ ದಶಕದಲ್ಲಿ ಹೆಚ್ಚುಕಡಿಮೆ ಕೈಬಿಟ್ಟರು. ವರ್ಷಕ್ಕೆ 3,20,000 ಇದ್ದ ಚೀಟಿಗಳು 7,000ಕ್ಕೆ ಇಳಿದವು. 1991ರಲ್ಲಿ ಅಲ್ಲಿ ಪರೀಕ್ಷಿಸಿದ ಇ. ಕೋಲಿ ಬ್ಯಾಕ್ಟೀರಿಯಾಗಳಲ್ಲಿ ಸುಮಾರು ಶೇ 40ರಷ್ಟು ಈ ಔಷಧಕ್ಕೆ ಬಗ್ಗುತ್ತಿರಲಿಲ್ಲ. 1999ರಲ್ಲಿ ಮತ್ತೆ ಎಣಿಸಿದರೆ ಶೇ 46!

ಹೀಗಾಗಬಾರದಿತ್ತು. ಯಾಕೆಂದರೆ ಔಷಧವನ್ನು ತಡೆದುಕೊಳ್ಳುವ ಶಕ್ತಿ ಪುಕ್ಕಟೆ ಸಿಗುವುದಲ್ಲ.

ಸ್ಟ್ರೆಪ್ಟೊಮೈಸಿನ್ ಕಥೆ ನೋಡಿ. 1943ರಲ್ಲಿ ನ್ಯೂಜೆರ್ಸಿಯ ರಟ್ಗರ್ಸ್‌ನಲ್ಲಿ ಸೆಲ್ಮನ್ ವಾಕ್ಸ್‌ಮನ್ ಅವರ ವಿದ್ಯಾರ್ಥಿ ಆಲ್ಬರ್ಟ್ ಶಾಟ್ಸ್ ಕಂಡುಕೊಂಡ ಔಷಧ ಅದು. (ನೊಬೆಲ್ ಗುರುವಿಗಷ್ಟೇ ಬಂತು.) 107 ಕ್ಷಯರೋಗಿಗಳ ಮೇಲೆ ಬ್ರಿಟನ್ ನಡೆಸಿದ ಪರೀಕ್ಷೆಯ ವರದಿ 1948ರಲ್ಲಿ ಬಂತು. ಆರು ತಿಂಗಳಲ್ಲಿ ಔಷಧ ಪಡೆದ 55 ಜನರಲ್ಲಿ ಸತ್ತವರು 4, ಬರೀ ವಿಶ್ರಾಂತಿಯಲ್ಲಿದ್ದ 52ರಲ್ಲಿ 14. ಐದು ವರ್ಷ ಕಳೆಯುವಷ್ಟರಲ್ಲಿ ಆ ಲೆಕ್ಕ 32 ಮತ್ತು 35 ಆಗಿತ್ತು. ರೋಗಾಣು ಔಷಧಕ್ಕೆ ಪಳಗಿಬಿಟ್ಟಿತ್ತು.

ಪಳಗಿದ್ದು ಹೇಗೆ? ಜೀವಕೋಶದಲ್ಲಿ ಪ್ರೋಟೀನು ತಯಾರಿಸುವ ರೈಬೋಸೋಮನ್ನು ಸ್ಟ್ರೆಪ್ಟೊಮೈಸಿನ್ ಹಿಡಿದುಕೊಂಡು ತಪ್ಪು ಓದುವಂತೆ ಮಾಡುತ್ತದೆ. ರೈಬೋಸೋಮಿನ ಎಸ್12 ಎಂಬ ಭಾಗದಲ್ಲಿ ಒಂದೇ ಒಂದು ಅಮೈನೊ ಆಮ್ಲ ಬದಲಾದರೂ ಸಾಕು, ಔಷಧಕ್ಕೆ ಹಿಡಿತ ಸಿಗುವುದಿಲ್ಲ. ಆದರೆ ಇಂಥ ಹಲವು ಬದಲಾವಣೆಗಳಿಂದ ರೈಬೋಸೋಮು ವಿಪರೀತ ಜಾಗರೂಕವಾಗುತ್ತದೆ. ಪ್ರತಿ ಕಾಗದವನ್ನೂ ನಾಲ್ಕು ಸಲ ತಿರುವಿ ನೋಡುವ ಗುಮಾಸ್ತರಂತೆ. ತಪ್ಪೇನೋ ಇರುವುದಿಲ್ಲ, ಕಡತ ಮಾತ್ರ ಮುಂದಕ್ಕೆ ಹೋಗುವುದಿಲ್ಲ. ಬ್ಯಾಕ್ಟೀರಿಯಾ ನಿಧಾನವಾಗಿ ಬೆಳೆಯುತ್ತದೆ.

ಈ ನಿಧಾನವನ್ನು ಅಳೆಯುವ ಬಗೆ ನಮ್ಮ ಅಡುಗೆಮನೆಯದೇ. ಬಗ್ಗದ ತಳಿ, ಬಗ್ಗುವ ತಳಿ ಎರಡನ್ನೂ ಸಮನಾಗಿ ಒಂದು ಸೀಸೆಯಲ್ಲಿ ಬೆರೆಸುತ್ತಾರೆ. ಮರುದಿನ ಅದರಿಂದ ಒಂದಿಷ್ಟನ್ನು ತೆಗೆದು ಹೊಸ ಸಾರಕ್ಕೆ ಹೆಪ್ಪು ಹಾಕುತ್ತಾರೆ, ಅದರ ಮರುದಿನವೂ ಹಾಗೆಯೇ. ನಡುನಡುವೆ ಯಾವುದು ಎಷ್ಟಿದೆ ಎಂದು ಎಣಿಸುತ್ತಾರೆ. ಔಷಧವಿಲ್ಲದ ಸೀಸೆಯಲ್ಲಿ ಗುಮಾಸ್ತರ ತಳಿ ದಿನದಿನಕ್ಕೂ ಕರಗುತ್ತದೆ. ಔಷಧ ನಿಲ್ಲಿಸಿದರೆ ಪ್ರತಿರೋಧವೂ ಹೋಗುತ್ತದೆ ಎಂಬ ನಂಬಿಕೆಗೆ ಬಲ ಬಂದದ್ದು ಇಂಥ ಸೀಸೆಗಳಿಂದ.

ಅಟ್ಲಾಂಟಾದ ಎಮೊರಿ ವಿಶ್ವವಿದ್ಯಾಲಯದಲ್ಲಿ ಬ್ರೂಸ್ ಲೆವಿನ್ ಅವರ ಜೊತೆಗಿದ್ದ ಸ್ಟೆಫನಿ ಶ್ರಾಗ್, ವೆರೊನಿಕ್ ಪೆರೋ 1996–97ರಲ್ಲಿ ಈ ನಂಬಿಕೆಯ ಬುಡಕ್ಕೇ ಕೊಡಲಿ ಹಾಕಿದರು. ಬಗ್ಗದ ತಳಿಯೊಂದನ್ನೇ ಔಷಧವಿಲ್ಲದೆ ತಲೆಮಾರುಗಟ್ಟಲೆ ಬೆಳೆಸಿದರು. ತಳಿ ಚುರುಕಾಯಿತು, ಪ್ರತಿರೋಧ ಮಾತ್ರ ಹೋಗಲಿಲ್ಲ. ಹಳೆಯ ರೂಪಕ್ಕೆ ಮರಳಲು ಅದೇ ಜಾಗದಲ್ಲಿ ಅದೇ ಬದಲಾವಣೆ ಆಗಬೇಕು; ನಷ್ಟ ತುಂಬಿಕೊಳ್ಳಲು ಬೇರೆ ಎಷ್ಟೋ ಜಾಗಗಳಿವೆ. ಹೆಚ್ಚು ಬಾಗಿಲಿರುವ ಕಡೆಯಿಂದಲೇ ದಾರಿ ಸಿಕ್ಕಿತು.

ಇದಕ್ಕಿಂತ ಬೆರಗಿನದು ಆಮೇಲಿನದು. ಚುರುಕಾದ ಆ ತಳಿಗೆ ಮೊದಲಿನ, ಔಷಧಕ್ಕೆ ಬಗ್ಗುವ ಜೀನನ್ನೇ ಮರಳಿ ಕೂಡಿಸಿದರು. ಅದು ಸೋತಿತು! ಒಂದು ಕಾಲು ಗಿಡ್ಡವಾದವನು ಆ ಕಾಲಿನ ಚಪ್ಪಲಿಗೆ ದಪ್ಪ ಅಟ್ಟೆ ಹಾಕಿಸಿಕೊಂಡು ಸಲೀಸಾಗಿ ನಡೆಯುತ್ತಾನೆ. ಈಗ ಕಾಲು ಸರಿಹೋದರೆ ಅದೇ ಚಪ್ಪಲಿಯಲ್ಲಿ ಕುಂಟಬೇಕಾಗುತ್ತದೆ.

ಬ್ರಿಟನ್ನಿನ ಒಗಟಿನಲ್ಲಿ ಇನ್ನೊಂದು ಎಳೆಯೂ ಇತ್ತು. ಸಲ್ಫೋನಮೈಡನ್ನು ತಡೆಯುವ ಜೀನು ಹಲವು ಸಲ ಬೇರೆ ಔಷಧಗಳನ್ನು ತಡೆಯುವ ಜೀನುಗಳ ಜೊತೆ ಪ್ಲಾಸ್ಮಿಡ್ ಎಂಬ ಒಂದೇ ಪುಟ್ಟ ಡಿಎನ್‌ಎ ಉಂಗುರದಲ್ಲಿ ಕೂತಿರುತ್ತದೆ. ಆ ಔಷಧಗಳ ಬಳಕೆ ನಿಂತಿರಲಿಲ್ಲವಲ್ಲ. ಅವುಗಳ ಟಿಕೆಟ್ಟಿನಲ್ಲಿ ಇದೂ ಪ್ರಯಾಣ ಮಾಡಿತು.

ಹಾಗೆಂದು ಹಳೆಯ ನಂಬಿಕೆ ಪೂರಾ ಸುಳ್ಳಲ್ಲ. ಫಿನ್ಲೆಂಡ್ ಎರಿತ್ರೊಮೈಸಿನ್ ಗುಂಪಿನ ಔಷಧಗಳನ್ನು ಕಡಿಮೆ ಮಾಡಿದಾಗ, ಗಂಟಲುನೋವು ತರುವ ಸ್ಟ್ರೆಪ್ಟೊಕಾಕಸ್‌ಗಳಲ್ಲಿ ಬಗ್ಗದವುಗಳ ಪಾಲು 1992ರ ಶೇ 16.5ರಿಂದ 1996ಕ್ಕೆ ಶೇ 8.6ಕ್ಕೆ ಬಂತು. ಬೆಲೆ ತೆರುತ್ತಿರುವ ತಳಿಯನ್ನು ಹೊತ್ತು ಮೀರುವ ಮುನ್ನ ಹಿಡಿದರೆ ಕೆಲಸ ಆಗಬಹುದು.

ಕ್ಷಯದಲ್ಲಿ ಹೊತ್ತು ಬಹುಮಟ್ಟಿಗೆ ಮೀರಿದೆ. ರೋಗಿಗಳಿಂದ ತೆಗೆದ, ಸ್ಟ್ರೆಪ್ಟೊಮೈಸಿನ್‌ಗೆ ಬಗ್ಗದ ತಳಿಗಳಲ್ಲಿ ಹೆಚ್ಚಾಗಿ ಕಾಣುವ ಎಸ್12 ಬದಲಾವಣೆ ಗುಮಾಸ್ತನದಲ್ಲ, ಹೆಚ್ಚುಕಡಿಮೆ ಬೆಲೆಯೇ ಇಲ್ಲದ ಇನ್ನೊಂದು. ಕ್ಷಯದ ಇನ್ನೊಂದು ಔಷಧ ರಿಫಾಂಪಿಸಿನ್‌ಗೆ ಬಗ್ಗದ ಕ್ಷಯಾಣುಗಳ ಜೀನೋಮನ್ನು 2012ರಲ್ಲಿ ಪೂರ್ತಿ ಓದಿದಾಗ, ಬಹುಔಷಧ ನಿರೋಧಕ ಕ್ಷಯ ಹೆಚ್ಚಿರುವ ದೇಶಗಳ ತಳಿಗಳಲ್ಲಿ ಶೇ 30ಕ್ಕೂ ಮಿಕ್ಕವು ಆಗಲೇ ನಷ್ಟ ತುಂಬುವ ಎರಡನೆಯ ಬದಲಾವಣೆಯನ್ನು ಮಾಡಿಕೊಂಡಿದ್ದವು.