ನಲ್ಲಿಯ ಬಿಯರ್, ನಮ್ಮ ನಂಬಿಕೆಗಳು

ಕೆನಡಾದ ಒಂಟಾರಿಯೊ, ನ್ಯೂ ಬ್ರನ್ಸ್‌ವಿಕ್, ನೋವಾ ಸ್ಕೋಷಾ ಪ್ರಾಂತ್ಯಗಳಲ್ಲಿ ಸರ್ಕಾರವೇ ಮದ್ಯದಂಗಡಿಗಳನ್ನು ನಡೆಸುತ್ತದೆ. ಒಂಟಾರಿಯೊದಲ್ಲಿ ಇದು 1927ರಿಂದ ಬಂದ ಪದ್ಧತಿ. 2010ರ ದಶಕದಲ್ಲಿ ಅಂಥ ಕೆಲವು ಮಳಿಗೆಗಳಿಗೆ ಬಿಯರ್ ನಲ್ಲಿಗಳೂ ಬಂದವು. ಗ್ರೌಲರ್ ಎಂಬ 1.89 ಲೀಟರಿನ ಗಾಜಿನ ಜಾಡಿ ಒಯ್ದರೆ ಅದಕ್ಕೆ ಡ್ರಾಫ್ಟ್ ಬಿಯರ್, ಅಂದರೆ ನಲ್ಲಿಯ ಬಿಯರ್, ತುಂಬಿಕೊಡುತ್ತಿದ್ದರು. ಖಾಲಿಯಾದರೆ ತೊಳೆದು ಮತ್ತೆ ಒಯ್ಯಬಹುದಿತ್ತು.

ಸೀಲ್ ನೋಡಿಯೇ ಬಾಟಲಿ ಕೊಳ್ಳುವ ನಮ್ಮವರಿಗೆ ಮೊದಲು ಬರುವ ಅನುಮಾನ: ಲೂಸ್ ಮಾಲು, ನೀರು ಬೆರೆಸಿರುತ್ತಾರೆ. ಆದರೆ ಬಿಯರ್ ಬರುವುದು ಬ್ರೂವರಿಯಲ್ಲೇ ಮುಚ್ಚಿದ ಕೆಗ್ ಎಂಬ ಪೀಪಾಯಿಯಲ್ಲಿ, ನಲ್ಲಿಗೆ ಏರುವುದು ಅನಿಲದ ಒತ್ತಡದಿಂದ. ಅನುಮಾನ ಪಡುವುದಿದ್ದರೆ ಕೆಗ್‌ನಿಂದ ನಲ್ಲಿಗೆ ಬರುವ ಕೊಳವೆಯ ಮೇಲೆ ಪಡಿ. ತೊಳೆಯದ ಕೊಳವೆಯಲ್ಲಿ ಬ್ಯಾಕ್ಟೀರಿಯಾ ಬೆಳೆದು ಬಿಯರ್‌ಗೆ ಬೆಣ್ಣೆಯ ವಾಸನೆ, ವಿನೆಗರ್‌ನ ಹುಳಿ ಹತ್ತುತ್ತದೆ. ಅಮೆರಿಕದ ಬ್ರೂವರ್ಸ್ ಅಸೋಸಿಯೇಷನ್ 14 ದಿನಕ್ಕೊಮ್ಮೆ ಕೊಳವೆ ತೊಳೆಯಲು ಹೇಳುತ್ತದೆ. ಕೊನೆಯ ಸಲ ಯಾವಾಗ ತೊಳೆದಿರಿ ಎಂದು ಕೇಳುವುದು ಗ್ರಾಹಕರ ಹಕ್ಕು, ಸಂಕೋಚ ಬೇಡ.

ನಲ್ಲಿಯಿಂದ ಬಂದದ್ದು ತಾಜಾ, ಆದ್ದರಿಂದ ಹೆಚ್ಚು ದಿನ ಬಾಳುತ್ತದೆ ಎನ್ನುವವರಿದ್ದಾರೆ. ಇದು ತಲೆಕೆಳಗಾದ ಲೆಕ್ಕ. ತುಂಬುವಾಗ ಸೇರಿಕೊಂಡ ಆಮ್ಲಜನಕ ಆ ಕ್ಷಣದಿಂದಲೇ ರುಚಿ ಕೆಡಿಸತೊಡಗುತ್ತದೆ. ಹಳಸಿದ ಬಿಯರ್ ಒದ್ದೆ ರಟ್ಟಿನ ಹಾಗಿರುತ್ತದೆ. ಮೊದಲು ಇಂಗಾಲದ ಡೈಆಕ್ಸೈಡ್ ಹಾಯಿಸಿ ಜಾಡಿಯ ಗಾಳಿ ಹೊರದೂಡಿ, ಆಮೇಲೆ ಒತ್ತಡದಲ್ಲೇ ತುಂಬುವ ಯಂತ್ರವಿದ್ದರೆ ಸ್ವಲ್ಪ ಹೆಚ್ಚು ತಾಳುತ್ತದೆ. ಮುಚ್ಚಳ ತೆರೆದ ಮೇಲಂತೂ ಒಂದೆರಡು ದಿನವೇ.

ಜಾಡಿಯ ಕಂದು ಬಣ್ಣ ಅಂದಕ್ಕಲ್ಲ. ಬೆಳಕು ಬಿದ್ದರೆ ಹಾಪ್ಸ್‌ನ ಕಹಿ ಅಂಶ ಒಡೆದು ದುರ್ವಾಸನೆಯ ಗಂಧಕದ ಸಂಯುಕ್ತವಾಗುತ್ತದೆ. ಕಂದು ಗಾಜು ಆ ಬೆಳಕಿನ ಬಹುಪಾಲನ್ನು ತಡೆಯುತ್ತದೆ. ಕೊಟ್ಟ ದುಡ್ಡಿಗೆ ಕಂಠಮಟ್ಟ ತುಂಬಿಸಿಕೊಳ್ಳುವುದು ಜಾಣತನವಲ್ಲ. ತಂಪು ಕಳೆದಂತೆ ದ್ರವ ಹಿಗ್ಗುತ್ತದೆ, ಅನಿಲ ಬಿಡುಗಡೆಯಾಗುತ್ತದೆ. ಮೇಲೆ ಜಾಗವಿಲ್ಲದಿದ್ದರೆ ಗಾಜು ಸಿಡಿಯಬಹುದು. ಬಿಸಿಲಲ್ಲಿ ನಿಂತ ಕಾರಿನೊಳಗೆ ಇಡಲೇಬೇಡಿ.

ನನಗೆ ನಿಜವಾಗಿ ಚಿಂತೆ ಹುಟ್ಟಿಸುವುದು ಇನ್ನೊಂದು ನಂಬಿಕೆ: ಡ್ರಾಫ್ಟ್ ಎಂದರೆ ಹಗುರ, ಎಷ್ಟು ಕುಡಿದರೂ ಏನಾಗದು. ಮದ್ಯಸಾರದ ಪ್ರಮಾಣ ಬ್ರೂವರಿಯಲ್ಲೇ ನಿಗದಿಯಾಗಿರುತ್ತದೆ, ನಲ್ಲಿ ಅದನ್ನು ಇಳಿಸುವುದಿಲ್ಲ. ಕೆನಡಾದ ಲೆಕ್ಕದಲ್ಲಿ ಶೇ 5ರ ಬಿಯರ್ 341 ಮಿಲಿ ಎಂದರೆ ಒಂದು ಪ್ರಮಾಣಿತ ಪೇಯ. ಹಾಗಾದರೆ ಒಂದು ಗ್ರೌಲರ್‌ನಲ್ಲಿ ಐದೂವರೆ ಪೇಯ. ತೆರೆದಿಟ್ಟರೆ ಸಪ್ಪೆಯಾಗುತ್ತದೆಂದು ಒಬ್ಬರೇ ಕೂತು ಮುಗಿಸುವವರು ಕುಡಿಯುವುದು ಅಷ್ಟನ್ನೂ. 2020ರ ಲಾಕ್‌ಡೌನ್‌ನಲ್ಲಿ ಬೆಂಗಳೂರಿನ ಮೈಕ್ರೋಬ್ರೂವರಿಗಳು ಪಾರ್ಸೆಲ್ ಕೊಟ್ಟ ಬಿಯರ್‌ಗೂ ಇದೇ ಗಣಿತ. 946 ಮಿಲಿಯ ಚಿಕ್ಕ ಜಾಡಿಯೂ ಸಿಗುತ್ತದೆ. ಜೊತೆಗೆ ಹಂಚಿಕೊಳ್ಳುವವರಿಲ್ಲದ ದಿನ ಅದನ್ನೇ ಕೇಳಿ.