ಕಿತ್ತೂರಿನಿಂದ ರಾಮದುರ್ಗದವರೆಗೆ: ರೈತರು ಹೊತ್ತ ಹೋರಾಟದ ನೆಲ

ಧಾರವಾಡದಿಂದ ಬೆಳಗಾವಿಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲೇ ಕಿತ್ತೂರು. ಕೋಟೆಯೊಳಗೆ ಅರಮನೆಯ ಮುರಿದ ಗೋಡೆಗಳಿವೆ. ಧ್ರುವ ನಕ್ಷತ್ರ ನೋಡಲು ಮಾಡಿದ ಕಿಂಡಿ ಇನ್ನೂ ಉಳಿದಿದೆ. ದೊರೆ ಶಿವಲಿಂಗರುದ್ರಸರ್ಜ 1824ರಲ್ಲಿ ತೀರಿಕೊಂಡಾಗ ಈಸ್ಟ್ ಇಂಡಿಯಾ ಕಂಪನಿ ಸರ್ಕಾರ ದತ್ತುಪುತ್ರನನ್ನು ಒಪ್ಪಲಿಲ್ಲ. ಅದರಿಂದ ಹುಟ್ಟಿದ ಕಾಳಗದಲ್ಲಿ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಇಲ್ಲೇ ಹತನಾದ. ಡಿಸೆಂಬರಿನಲ್ಲಿ ದೊಡ್ಡ ಪಡೆಯೊಂದಿಗೆ ಬಂದ ಕಂಪನಿ ಕೋಟೆ ಗೆದ್ದು, ಕಿತ್ತೂರಿನ ರಾಣಿ ಚೆನ್ನಮ್ಮನನ್ನು ಬೈಲಹೊಂಗಲದಲ್ಲಿ ಸೆರೆಯಿಟ್ಟಿತು. 1829ರಲ್ಲಿ ಅಲ್ಲೇ ಅಸುನೀಗಿದ ಆಕೆಯ ಸಮಾಧಿ ಆ ಊರಿನಲ್ಲಿದೆ.

ಅರಮನೆ ಸೋತರೂ ಹಳ್ಳಿ ಸೋಲಲಿಲ್ಲ. ಬೈಲಹೊಂಗಲ ತಾಲ್ಲೂಕಿನ ಸಂಗೊಳ್ಳಿಯ ರಾಯಣ್ಣ ಇನಾಮು ಜಮೀನು ಕಳೆದುಕೊಂಡ ವಾಲೀಕಾರ, ಅಂದರೆ ಊರ ಕಾವಲುಗಾರ. ತನ್ನಂತೆ ಹೊಲ ಕಳೆದುಕೊಂಡವರನ್ನು ಕಟ್ಟಿಕೊಂಡು ಸರ್ಕಾರಿ ಕಚೇರಿಗಳನ್ನು ಸುಟ್ಟ, ಖಜಾನೆ ದೋಚಿದ. 1831ರಲ್ಲಿ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಲಾವಣಿಕಾರರು ಅವನ ಕಥೆಯನ್ನು ಊರೂರಿಗೆ ಒಯ್ದರು.

1858ರಲ್ಲಿ ಕಿಡಿ ಮತ್ತೆ ಹಾರಿತು. ನರಗುಂದದ ಅರಸ ಬಾಬಾಸಾಹೇಬನಿಗೂ ದತ್ತಿನ ಹಕ್ಕು ಸಿಕ್ಕಿರಲಿಲ್ಲ. ರಾಮದುರ್ಗದ ಸಮೀಪದ ಸುರೇಬಾನದಲ್ಲಿ ಅವನ ಕಡೆಯವರು ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಕೊಂದರು. ಮುಂದೆ ಬಾಬಾಸಾಹೇಬನಿಗೆ ಬೆಳಗಾವಿಯಲ್ಲಿ ಗಲ್ಲಾಯಿತು.

ಸವದತ್ತಿ ಸೀಮೆ ಕೊಟ್ಟದ್ದು ಬೇರೆ ಬಗೆಯ ಬಲ. 1906ರಲ್ಲಿ ತೀರಿಕೊಂಡ ಶಿರಸಂಗಿಯ ಲಿಂಗರಾಜ ದೇಸಾಯಿ ತಮ್ಮ ಸಂಸ್ಥಾನದ ಆಸ್ತಿಯನ್ನೇ ಮಕ್ಕಳ ಓದಿಗೆ ಬರೆದಿಟ್ಟರು. ದೇಸಗತಿಯ ಸೊತ್ತು ಜನರದಾಯಿತು.

ರಾಮದುರ್ಗದಲ್ಲಿ ಪ್ರಶ್ನೆಯೇ ಬದಲಾಯಿತು. ಬ್ರಿಟಿಷರ ನೆರಳಲ್ಲಿದ್ದ ಭಾವೆ ಮನೆತನದ ಸಂಸ್ಥಾನದಲ್ಲಿ ಪ್ರಜಾಸಂಘ ತೆರಿಗೆ ಇಳಿಸಿರೆಂದು, ಆಡಳಿತದಲ್ಲಿ ಜನರಿಗೆ ಪಾಲು ಕೊಡಿರೆಂದು ಕೇಳಿತು. 1939ರ ಏಪ್ರಿಲ್ 7ರಂದು ಮುಖಂಡರ ಬಂಧನದ ಸುದ್ದಿ ಕೇಳಿ ಹಳ್ಳಿಗಳಿಂದ ಬಂದ ಜನ ಜೈಲಿನ ಮೇಲೆ ಬಿದ್ದರು, ಪೊಲೀಸರು ಸತ್ತರು. ಆ ಹಿಂಸೆಯನ್ನು ಗಾಂಧೀಜಿ ಖಂಡಿಸಿದರು. ಆ ಖಂಡನೆ ನ್ಯಾಯವಾದುದು. ರೈತರ ಬೇಡಿಕೆಯೂ ಅಷ್ಟೇ ನ್ಯಾಯವಾದುದು. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು.

ಪ್ರತಿ ಅಕ್ಟೋಬರಿನ ಕಿತ್ತೂರು ಉತ್ಸವಕ್ಕೆ ಬರುವವರು ಕೋಟೆ ಮಾತ್ರ ನೋಡಿ ಹಿಂದಿರುಗಬಾರದು. ಸಂಗೊಳ್ಳಿ, ಬೈಲಹೊಂಗಲ, ಶಿರಸಂಗಿ, ಸುರೇಬಾನ, ರಾಮದುರ್ಗಗಳನ್ನೂ ನೋಡಬೇಕು. ಪಟ್ಟ ಯಾರಿಗೆ ಎಂದು ಶುರುವಾದ ಜಗಳ ನೂರು ವರ್ಷಗಳಲ್ಲಿ ನಾಡು ಯಾರದು ಎಂಬ ಪ್ರಶ್ನೆಯಾಗಿ ಬೆಳೆದದ್ದು ಆಗಲೇ ತಿಳಿಯುತ್ತದೆ. ಆ ಪ್ರಶ್ನೆ ಕೇಳಿದವರಲ್ಲಿ ಹೆಚ್ಚಿನವರು ಹೆಸರಿಲ್ಲದ ರೈತರು. ಪಠ್ಯಪುಸ್ತಕಗಳಲ್ಲಿ ಅವರಿಗೂ ಜಾಗ ಸಿಗಬೇಕು.